ಮೊಬೈಲ್ ತರಬಾರದ ಶಾಲೆಯಲ್ಲಿ ಮೊಬೈಲ್ ಪಾಠ

ಉಡುಪಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಮಕ್ಕಳು ಮೊಬೈಲ್ ತರುವಂತಿಲ್ಲ. ಆ ನಿಯಮಕ್ಕೆ ನನ್ನ ಆಕ್ಷೇಪವೂ ಇಲ್ಲ. ಆದರೆ ಅಪ್ಪ ಕೊಲ್ಲಿ ರಾಷ್ಟ್ರದಲ್ಲೋ ಮುಂಬಯಿಯ ಹೋಟೆಲಿನಲ್ಲೋ ದುಡಿಯುತ್ತಿದ್ದು, ಅಮ್ಮ ಬೀಡಿ ಕಟ್ಟುತ್ತ ಮನೆ ನಡೆಸುವಲ್ಲಿ, ಸಂಜೆಯಾದ ಮೇಲೆ ಮೊಬೈಲ್ ಮಕ್ಕಳ ಕೈಯಲ್ಲೇ ಇರುತ್ತದೆ. ಆ ಹೊತ್ತನ್ನು ಕುರಿತು ಅವರೊಡನೆ ಮಾತನಾಡುವವರು ಬೇರೆ ಯಾರೂ ಇಲ್ಲವೆಂದು ಕಂಡದ್ದರಿಂದ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಒಂಬತ್ತನೆಯ ತರಗತಿಗೆ ಶನಿವಾರದ ಒಂದು ಅವಧಿಯನ್ನು ಇದಕ್ಕಾಗಿ ಮೀಸಲಿಟ್ಟೆ.

ಭಾಷಣ ಬೇಡವೆಂದು ನನ್ನದೇ ಮೊಬೈಲನ್ನು ಪ್ರೊಜೆಕ್ಟರಿಗೆ ಜೋಡಿಸಿ ಸೆಟ್ಟಿಂಗ್ಸ್ ತೆರೆದೆ. ಇನ್‌ಸ್ಟಾಗ್ರಾಂನಲ್ಲಿ 13 ವರ್ಷ ತುಂಬದವರು ಖಾತೆ ತೆರೆಯುವಂತಿಲ್ಲ. 16 ತುಂಬದವರ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, ಹೆತ್ತವರು ಒಪ್ಪದೆ ಅದನ್ನು ಸಡಿಲಿಸಲಾಗದು. ಹುಟ್ಟಿದ ವರ್ಷವನ್ನು ಹಿಂದಕ್ಕೆ ತಳ್ಳಿ ಖಾತೆ ತೆರೆದವರಿಗೆ ಈ ರಕ್ಷಣೆ ತಪ್ಪಿಹೋಗುತ್ತದೆ ಎಂದಾಗ ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. “ಟೀಚರ್, ಈಗ ಸರಿ ಮಾಡಬಹುದಾ?” ಎಂದು ಒಬ್ಬ ಕೇಳಿದ. ನನಗೆ ಬೇಕಾದದ್ದು ಅದೇ ಪ್ರಶ್ನೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ ಎಂಬುದನ್ನು ಮಕ್ಕಳೇ ಮನೆಯಲ್ಲಿ ಅಮ್ಮಂದಿರಿಗೆ ಕಲಿಸಿದರು.

ಕಷ್ಟವಾದದ್ದು ಪೋಷಕರ ಸಭೆಯಲ್ಲಿ. ತೊಂದರೆ ಹೇಳಿಕೊಂಡ ಮಗುವಿನಿಂದ ಮೊಬೈಲ್ ಕಿತ್ತುಕೊಳ್ಳುವುದಿಲ್ಲವೆಂದು ಮಾತು ಕೊಡಿ ಎಂದು ಕೇಳಿದೆ. ರಜೆಯಲ್ಲಿ ಊರಿಗೆ ಬಂದಿದ್ದ ತಂದೆಯೊಬ್ಬರು, ಮಕ್ಕಳಿಗೆ ಇಷ್ಟು ಸದರ ಕೊಡಬಾರದೆಂದು ಖಂಡಿಸಿದರು. ಅವರ ಆತಂಕ ಸಹಜವೇ. ಆದರೂ ಮಕ್ಕಳು ಬಾಯಿ ಬಿಡದಿರಲು ಮೊದಲ ಕಾರಣ ಮೊಬೈಲ್ ಕೈತಪ್ಪುವ ಭಯವೇ ಎಂಬ ನನ್ನ ಅಭಿಪ್ರಾಯ ಬದಲಾಗಲಿಲ್ಲ.

ಕೆಲವು ತಿಂಗಳ ಬಳಿಕ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ಬಂದಳು. ಅವಳ ಮುಖವನ್ನು ಬೇರೊಂದು ನಗ್ನ ಚಿತ್ರಕ್ಕೆ ಅಂಟಿಸಿ ಯಾರೋ ಹಣ ಕೇಳುತ್ತಿದ್ದರು. ಹಣ ಕಳುಹಿಸಬೇಡಿ, ಸಂದೇಶ ಅಳಿಸಬೇಡಿ ಎಂದೆ. ಬೆದರಿಕೆಯ ಮಾತುಗಳ ಸ್ಕ್ರೀನ್‌ಶಾಟನ್ನೂ ಆ ಖಾತೆಯ ಕೊಂಡಿಯನ್ನೂ ಉಳಿಸಿಕೊಂಡ ನಂತರವೇ ಬ್ಲಾಕ್ ಮಾಡಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನ ಮಹಿಳೆಯರು ಮತ್ತು ಮಕ್ಕಳ ವಿಭಾಗದಲ್ಲಿ ತಾಯಿಯಿಂದ ದೂರು ಕೊಡಿಸಿದೆವು. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು. ಇಂಥ ಚಿತ್ರಗಳು ಜಾಲತಾಣಗಳಲ್ಲಿ ಹರಡದಂತೆ ತಡೆಯಲು 18 ತುಂಬದವರಿಗಾಗಿ ಇರುವ ‘ಟೇಕ್ ಇಟ್ ಡೌನ್’ ಸೇವೆಯನ್ನೂ ಬಳಸಿದೆವು. ಅದರಲ್ಲಿ ಚಿತ್ರ ನಮ್ಮ ಮೊಬೈಲ್ ಬಿಟ್ಟು ಹೋಗುವುದಿಲ್ಲ, ಅದರ ಗುರುತಿನ ಸಂಕೇತ ಮಾತ್ರ ಹೋಗುತ್ತದೆ.

ಆ ಚಿತ್ರವನ್ನು ನನ್ನ ಮೊಬೈಲಿಗೆ ಕಳುಹಿಸಲು ತಾಯಿ ಮುಂದಾದಾಗ ತಡೆದೆ. ಮಕ್ಕಳ ಇಂಥ ಚಿತ್ರವನ್ನು ಸಂಗ್ರಹಿಸುವುದೂ ಹಂಚುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನ ಪ್ರಕಾರ ಅಪರಾಧ. ಸಹಾಯ ಮಾಡುವ ಆತುರದಲ್ಲಿ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಇಂಥದ್ದನ್ನು ಹಾಕಬಾರದೆಂದು ಮುಖ್ಯೋಪಾಧ್ಯಾಯರು ಈಗ ಸಿಬ್ಬಂದಿ ಸಭೆಯಲ್ಲಿ ಲಿಖಿತವಾಗಿಯೇ ತಿಳಿಸಿದ್ದಾರೆ.