ಜೋಗಿಮಟ್ಟಿಗೆ ನಡೆದು ಹೋಗುವವರಿಗೆ: ನೀರು, ಕರಡಿ, ಮೆಣಸಿನಕಾಯಿ

ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಕ್ಕೆ ಗೆಳೆಯರ ಜೊತೆ ಹೊರಟಿದ್ದೀರಾ? ತಲೆಗೆ 3 ಲೀಟರ್ ನೀರು ಇರಲಿ. ಕಳೆದ ಸಲ ನಾವು 5 ಜನ, ಲೀಟರಿನ 6 ಬಾಟಲಿ ಅಷ್ಟೇ ಹೊತ್ತಿದ್ದೆವು. ಮೇಲೆ ಗಾಳಿ ತಂಪಾಗಿ ಬೀಸುತ್ತದೆ, ಬಾಯಾರಿದ್ದೇ ಗೊತ್ತಾಗಲ್ಲ. ಇಳಿಯುವಾಗ ಒಬ್ಬನಿಗೆ ಮೀನಖಂಡ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟ. ಅದರ ಮೇಲೆ ಮಂಡಕ್ಕಿ ಮೆಣಸಿನಕಾಯಿ ಬೇರೆ ತಿಂದಿದ್ದೆವು! ದಾವಣಗೆರೆಯವರಿಗೆ ಅದಿಲ್ಲದೆ ಆಗಲ್ಲ, ನಿಜ. ಆದರೆ ಇಳಿದ ಮೇಲೆ ತಿನ್ನಿ. ದಾರಿಗೆ ಬಾಳೆಹಣ್ಣು, ಶೇಂಗಾ ಬೆಲ್ಲ ಸಾಕು.

ಇದು ವನ್ಯಜೀವಿಧಾಮ. ಕರಡಿ, ಚಿರತೆ ಇವೆ. ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಂಡು ಹೋಗಿ. ಕರಡಿ ಜಾಸ್ತಿ ಓಡಾಡುವುದು ಮುಸ್ಸಂಜೆಯಿಂದ ನಸುಕಿನವರೆಗೆ. ಸೂರ್ಯೋದಯ ನೋಡುವ ಆಸೆಗೆ ಕತ್ತಲಲ್ಲಿ ಹತ್ತಬೇಡಿ. ಬೆಳಕು ಹರಿದ ಮೇಲೆ ಹೊರಟು 4 ಗಂಟೆಗೆ ಕೆಳಗಿರಿ. ಗುಂಪಾಗಿ, ಮಾತಾಡಿಕೊಂಡು ನಡೆಯಿರಿ. ಕರಡಿಗೆ ಕಣ್ಣು ಅಷ್ಟು ಚುರುಕಿಲ್ಲ, ದಿಢೀರ್ ಅಂತ ಎದುರಾದರೆ ಮೈಮೇಲೇ ಬರುತ್ತದೆ. ಹಾಗಂತ ಸ್ಪೀಕರ್ ಹಾಕಬೇಡ್ರಪ್ಪ.

ಚಪ್ಪಲಿ ಬೇಡ, ಜಾಲಿಮುಳ್ಳು ಸೀದಾ ಅಂಗಾಲಿಗೇ ಬರುತ್ತದೆ. ಬೇಸಿಗೆಯಲ್ಲಾದರೆ ಬೀಡಿ, ಸಿಗರೇಟು ಕೆಳಗೇ ಬಿಟ್ಟು ಹತ್ತಿ. ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು.