ಇಂಗ್ಲೆಂಡಿನಲ್ಲಿ ಸಮುದಾಯ ತೋಟ ಹಿಡಿಯುವ ದಾವಣಗೆರೆ, ದುರ್ಗದ ಹೊಸಬರಿಗೆ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬರ್ಮಿಂಗ್‌ಹ್ಯಾಮಿನ ಸುತ್ತಮುತ್ತ ಬಂದು ನೆಲೆಸುತ್ತಿರುವವರು ಅಲಾಟ್‌ಮೆಂಟ್ ಎಂಬ ಸಮುದಾಯ ತೋಟದಲ್ಲಿ ಜಾಗ ಹಿಡಿಯಬೇಕೆಂದಿದ್ದರೆ, ಕೌನ್ಸಿಲ್ಲಿಗೆ ಅರ್ಜಿ ಹಾಕಿ, ಹತ್ತಿರದ ತೋಟಗಳ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ ಸುಮ್ಮನಿರಿ. ಸರದಿ ಬಂದಾಗ ಕರೆ ಬರುತ್ತದೆ. ಪೂರ್ತಿ ತುಂಡೆಂದರೆ ಹಳೆಯ ಅಳತೆಯಲ್ಲಿ 10 ರಾಡ್, ಅಂದರೆ ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಎಕರೆಗಳ ಮಾತು ಕೇಳಿ ಬೆಳೆದವರಿಗೆ ಇದು ಯಾವ ಮೂಲೆಗೂ ಸಾಲದು ಎನಿಸುತ್ತದೆ. ಆದರೆ ಆಳಿಲ್ಲ, ಎತ್ತಿಲ್ಲ, ಶನಿವಾರ ಭಾನುವಾರವಷ್ಟೇ ಬಿಡುವು ಎಂಬುದನ್ನು ಜೂನ್ ತಿಂಗಳ ಕಳೆ ನೆನಪಿಸುತ್ತದೆ. ಆದ್ದರಿಂದ ಅರ್ಧ ತುಂಡನ್ನೇ ಕೇಳಿ.

ಊರಿನಲ್ಲಿ ಬಿತ್ತನೆಯನ್ನು ನಿಶ್ಚಯಿಸುವುದು ಮಳೆ. ಇಲ್ಲಿ ಮಳೆ ಹನ್ನೆರಡು ತಿಂಗಳೂ ಬೀಳುವುದರಿಂದ ಅದನ್ನು ನೆಚ್ಚಿ ಯಾವುದನ್ನೂ ನಿರ್ಧರಿಸಲಾಗದು. ಇಲ್ಲಿ ನೋಡಬೇಕಾದದ್ದು ರಾತ್ರಿಯ ಹಿಮ ಮತ್ತು ಹಗಲಿನ ಉದ್ದ. ಏಪ್ರಿಲ್ಲಿನಲ್ಲಿ ನಾಲ್ಕು ದಿನ ಬಿಸಿಲು ಕಂಡೊಡನೆ ನಮ್ಮವರು ಕಿಟಕಿಯ ಬಳಿ ಮಕ್ಕಳಂತೆ ಸಾಕಿದ ಟೊಮೆಟೊ, ಮೆಣಸಿನ ಸಸಿಗಳನ್ನು ಹೊರಗೆ ನಾಟಿ ಮಾಡಿಬಿಡುತ್ತಾರೆ, ಒಂದೇ ರಾತ್ರಿಯ ಹಿಮಕ್ಕೆ ಅವೆಲ್ಲ ಕಪ್ಪಾಗಿ ಮಲಗುತ್ತವೆ. ಬೀಜವನ್ನು ಫೆಬ್ರವರಿ, ಮಾರ್ಚಿನಲ್ಲಿ ಮನೆಯೊಳಗೆ ಹಾಕಿ, ಸಸಿಯನ್ನು ಮೇ ಕೊನೆಯ ವಾರದವರೆಗೆ ತಡೆದಿಡಿ. ಊರಿನಲ್ಲಿ ರೋಹಿಣಿ ಮಳೆ ಹುಟ್ಟುವ ದಿನಗಳೂ ಅವೇ ಆಗಿರುವುದರಿಂದ, ಅಮ್ಮ ಫೋನಿನಲ್ಲಿ ರೋಹಿಣಿಯ ಸುದ್ದಿ ಎತ್ತಿದಾಗ ಇಲ್ಲಿ ಸಸಿ ಹೊರಗೆ ಹೋಗಬಹುದೆಂದು ತಿಳಿಯಿರಿ.

ಹಗಲಿನ ಉದ್ದದ ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ದಾವಣಗೆರೆಯಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಎರಡು ಗಂಟೆಯ ಅಂತರವೂ ಇಲ್ಲ. ಇಲ್ಲಿ ಜೂನ್ ಹಗಲು ಹದಿನಾರು ಗಂಟೆ ದಾಟುತ್ತದೆ, ಡಿಸೆಂಬರಿನದು ಎಂಟು ಗಂಟೆಯನ್ನೂ ಮುಟ್ಟುವುದಿಲ್ಲ. ಜೂನಿನಲ್ಲಿ ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ಬರುವುದು ಇದರಿಂದಲೇ. ಕೊತ್ತಂಬರಿಯನ್ನು ಏಪ್ರಿಲ್ಲಿನಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಬಿತ್ತಿ. ಉದ್ದ ಮೂಲಂಗಿಯನ್ನು ಜುಲೈ ಕಳೆಯುವವರೆಗೆ ಮುಟ್ಟಬೇಡಿ. ಮೆಂತ್ಯ ಹೆಚ್ಚು ತೊಂದರೆ ಕೊಡುವುದಿಲ್ಲ.

ಅವರೆಯದು ಇದಕ್ಕೆ ತದ್ವಿರುದ್ಧ. ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವ ನಮ್ಮ ಸೊಗಡವರೆ ಇಲ್ಲಿ ಬೇಸಿಗೆಯುದ್ದಕ್ಕೂ ಸೊಂಪಾಗಿ ಹಬ್ಬಿ, ಸೆಪ್ಟೆಂಬರ್ ಕಳೆಯುವಾಗ ಮೊಗ್ಗು ತೋರಿಸಿ, ಕಾಯಿ ಕಟ್ಟುವ ಮೊದಲೇ ಹಿಮಕ್ಕೆ ಸಿಕ್ಕಿ ಸಾಯುತ್ತದೆ. ನಮ್ಮವರಲ್ಲಿ ಪ್ರತಿಯೊಬ್ಬರೂ ಇದನ್ನು ತಮ್ಮ ಕೈಯಾರೆ ಮಾಡಿ ನೋಡಿಯೇ ನಂಬುವುದು, ನಾನೂ ಅದಕ್ಕೆ ಹೊರತಲ್ಲ. (ಬೀಜವನ್ನು ಸೂಟ್‌ಕೇಸಿನಲ್ಲಿ ತರುವ ಯೋಚನೆಯನ್ನೂ ಬಿಡಿ, ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಭಾರತದಿಂದ ಬಿತ್ತನೆ ಬೀಜ ತರುವಂತಿಲ್ಲ.) ಅವರೆಗೆಂದು ಹಾಕಿದ ಚಪ್ಪರದ ಮೇಲೆ ರನ್ನರ್ ಬೀನ್ಸ್ ಹಬ್ಬಿಸಿದರೆ ಜುಲೈಯಿಂದ ಅಕ್ಟೋಬರಿನವರೆಗೆ ಪಲ್ಯಕ್ಕೆ ಕೊರತೆಯಾಗದು, ಆದರೆ ಸೊಗಡು ಬಾರದು. ಅವರೆಕಾಯಿ ಮೂಸಿ ನೋಡಿ ಕೊಳ್ಳುವ ಪದ್ಧತಿಯನ್ನು ಇಲ್ಲಿ ಹುಟ್ಟಿದ ಮಕ್ಕಳಿಗೆ ವಿವರಿಸಲು ಹೋದರೆ ಅವು ನಮ್ಮ ಮುಖವನ್ನೇ ನೋಡುತ್ತವೆ. ಅವೇ ಮಕ್ಕಳು ಜೂನಿನಲ್ಲಿ ಹಸಿ ಬಟಾಣಿಯನ್ನು ಬಳ್ಳಿಯಿಂದಲೇ ಕಿತ್ತು ತಿಂದು, ಮನೆಗೆ ಒಂದು ಹಿಡಿಯನ್ನೂ ಉಳಿಸುವುದಿಲ್ಲ. ನಾಳೆ ಅವರು ಎಲ್ಲಿಯೋ ಕುಳಿತು ನೆನೆಯುವ ಊರಿನ ರುಚಿ ಅದೇ ಆಗಿರುತ್ತದೆ. ಅದನ್ನು ಕಂಡು ಹೊಟ್ಟೆ ಚುರುಕ್ ಎನ್ನುವುದೂ ಸುಳ್ಳಲ್ಲ.

ಗೊಬ್ಬರದ ವಿಷಯದಲ್ಲಿ ನಮ್ಮವರ ನಂಬಿಕೆಯೇ ನಮಗೆ ಮುಳುವಾಗುತ್ತದೆ. ಊರಿನ ತಿಪ್ಪೆಗೊಬ್ಬರವನ್ನು ಯಾರೂ ಪರೀಕ್ಷಿಸಿ ಹಾಕುವುದಿಲ್ಲ. ಇಲ್ಲಿ ಪುಕ್ಕಟೆ ಸಿಗುವ ಕುದುರೆ ಗೊಬ್ಬರದಲ್ಲಿ ಹುಲ್ಲುಗಾವಲಿಗೆ ಹೊಡೆದ ಅಮಿನೋಪೈರಾಲಿಡ್ ಎಂಬ ಕಳೆನಾಶಕ ಉಳಿದಿರಬಹುದು. ಅದು ಹುಲ್ಲಿನೊಡನೆ ಕುದುರೆಯ ಹೊಟ್ಟೆ ಸೇರಿ, ಅಲ್ಲಿಯೂ ಕರಗದೆ ಲದ್ದಿಯಲ್ಲಿ ಹೊರಬಂದು, ಟೊಮೆಟೊ, ಆಲೂಗಡ್ಡೆ, ಬೀನ್ಸ್ ಗಿಡಗಳ ಎಲೆಯನ್ನು ಸುರುಟಿಸಿ ಕೆಡಿಸುತ್ತದೆ. ಸಾವಯವವೆಂದು ಹೆಮ್ಮೆಯಿಂದ ಸುರಿದ ಗೊಬ್ಬರವೇ ವಿಷವಾಗುವ ಈ ಅನ್ಯಾಯಕ್ಕೆ ಇರುವ ಉಪಾಯವೊಂದೇ: ಗೊಬ್ಬರ ಬೆರೆಸಿದ ಕುಂಡದಲ್ಲಿ ನಾಲ್ಕು ಬೀನ್ಸ್ ಬೀಜ ಹಾಕಿ, ಮೂರು ನಾಲ್ಕು ವಾರ ಎಲೆಗಳನ್ನು ನೋಡಿ, ನೆಟ್ಟಗಿದ್ದರೆ ಮಾತ್ರ ಪಾತಿಗೆ ಹಾಕಿ. ಅಡುಗೆಮನೆಯ ಸಿಪ್ಪೆ, ಒಣ ಎಲೆ, ರಟ್ಟುಗಳಿಂದ ನೀವೇ ಮಾಡಿಕೊಂಡ ಕಾಂಪೋಸ್ಟಿಗೆ ಈ ಭಯವಿಲ್ಲ.

ಚಿತ್ತಾ ಮಳೆಯ ಹೊತ್ತಿಗೆ, ಅಂದರೆ ಅಕ್ಟೋಬರಿನಲ್ಲಿ, ಬೆಳ್ಳುಳ್ಳಿ ಊರಬೇಕು. ಚಳಿ ತಿನ್ನದ ಬೆಳ್ಳುಳ್ಳಿ ಸರಿಯಾಗಿ ಎಸಳು ಒಡೆಯುವುದಿಲ್ಲ. ನಮ್ಮಲ್ಲಿ ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತುವಂತೆ ಇಲ್ಲಿ ಖಾಲಿ ಪಾತಿಗೆ ರೈ ಎಂಬ ಧಾನ್ಯ ಚೆಲ್ಲಿ, ವಸಂತದಲ್ಲಿ ಅದನ್ನು ಮಣ್ಣಿಗೆ ಸೇರಿಸುತ್ತಾರೆ. ಹಸಿಯಾದ ಎರೆಹೊಲಕ್ಕೆ ಕಾಲಿಡಬಾರದೆಂದು ಬಲ್ಲವರಿಗೆ ಇಲ್ಲಿಯ ಜಿಗುಟು ಮಣ್ಣಿನ ಚಳಿಗಾಲವನ್ನು ಬೇರೆಯಾಗಿ ಹೇಳಬೇಕಿಲ್ಲ.

ಕೊನೆಯದಾಗಿ ಊರಿಗೆ ಹೋಗುವ ವಿಚಾರ. ಶಾಲೆಗೆ ರಜೆಯೆಂದು ಎಲ್ಲರೂ ಜುಲೈ ಕೊನೆಗೆ ಹೊರಡುತ್ತಾರೆ. ತೋಟಕ್ಕೆ ನೀರು, ಕೊಯ್ಲು, ಕಳೆ ಎಲ್ಲವೂ ಬೇಕಾಗಿರುವ ತಿಂಗಳು ಅದೇ ಆಗಿರುವುದರಿಂದ, ಹಿಂತಿರುಗುವಾಗ ಬೀನ್ಸ್ ಬಲಿತು ನಾರಾಗಿ, ಪಾತಿ ಪಾಳುಬಿದ್ದಿದೆ ಎಂಬ ನೋಟೀಸು ಬಾಗಿಲಲ್ಲಿ ಬಿದ್ದಿರುತ್ತದೆ. ಪಕ್ಕದ ಪಾತಿಯವರಿಗೆ ನೀರು ಹಾಕಲು ಹೇಳಿ, ಬಿಟ್ಟ ಕಾಯಿಯನ್ನೆಲ್ಲ ಅವರೇ ಕೊಯ್ದುಕೊಳ್ಳಲೆಂದು ಬಾಯಿಬಿಟ್ಟು ತಿಳಿಸಿ ಹೋಗಿ. ಸಂಕೋಚದಿಂದ ಅವರು ತಾವಾಗಿ ಕೈ ಹಾಕುವುದಿಲ್ಲ. ಆಗುವುದಾದರೆ ಎರಡು ವರ್ಷಕ್ಕೊಮ್ಮೆಯಾದರೂ ಪ್ರಯಾಣವನ್ನು ಕ್ರಿಸ್‌ಮಸ್ ರಜೆಗೆ ಹಾಕಿಕೊಳ್ಳಿ. ಟಿಕೆಟ್ ದುಬಾರಿ, ರಜೆಯೂ ಎರಡೇ ವಾರ. ಆದರೆ ಆಗ ಇಲ್ಲಿಯ ಪಾತಿಯಲ್ಲಿ ಮಾಡುವ ಕೆಲಸವಿರುವುದಿಲ್ಲ, ದಾವಣಗೆರೆಯ ಸಂತೆಗೆ ಅವರೆಕಾಯಿ ಬಂದಿರುತ್ತದೆ.