ಅಥಣಿಯಲ್ಲಿ ತೊಗಲಿನ ಚೀಲ ಮಾಡಿಸುವವರಿಗೆ

ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಭಾಗದಲ್ಲಿ ಚಪ್ಪಲಿ ಹೊಲಿಯುವ ಸಮಗಾರ ಕುಶಲಕರ್ಮಿಗಳ ಪೈಕಿ ಹೆಗಲಚೀಲ, ಪಾಕೀಟುಗಳನ್ನು ಹೇಳಿ ಮಾಡಿಸಿದರೆ ಹೊಲಿದುಕೊಡುವವರೂ ಇದ್ದಾರೆ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಹಾಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ 2019ರಲ್ಲಿ ದೊರೆತ ಜಿಐ (ಭೌಗೋಳಿಕ ಗುರುತು, ಅಂದರೆ ಇಂಥ ಪ್ರದೇಶದ್ದೇ ಉತ್ಪನ್ನವೆಂಬ ಕಾನೂನಿನ ಗುರುತು) ಮಾನ್ಯತೆಯು ಕೊಲ್ಹಾಪುರಿ ಚಪ್ಪಲಿಗೆ ಮಾತ್ರ ಸಂಬಂಧಿಸಿದ್ದು. ಚೀಲಕ್ಕೆ ಅಂಥ ಮುದ್ರೆಯಿಲ್ಲವಾದ್ದರಿಂದ ಕೊಳ್ಳುವವರು ಅದನ್ನು ಸ್ವತಃ ಪರೀಕ್ಷಿಸಲು ಕಲಿಯಬೇಕಾಗುತ್ತದೆ.

ಮೊದಲು ವಿಚಾರಿಸಬೇಕಾದದ್ದು ತೊಗಲನ್ನು ಹದ ಮಾಡಿದ ರೀತಿಯನ್ನು. ಸಾಂಪ್ರದಾಯಿಕ ವಿಧಾನದಲ್ಲಿ ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ಹಸಿ ತೊಗಲನ್ನೇ ಚೀಲದಂತೆ ಹೊಲಿದು ತೂಗುಹಾಕಿ, ಅದರೊಳಗೆ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಕಷಾಯವನ್ನು ತುಂಬುತ್ತಾರೆ. ಅದರಲ್ಲಿನ ಒಗರು ಅಂಶವು ನಾರುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ತೊಗಲು ಕೊಳೆಯುವುದಿಲ್ಲ. ಕ್ರೋಮಿಯಂ ಎಂಬ ಲೋಹದ ಲವಣದಿಂದ ಮಾಡುವ ಹದಕ್ಕಿಂತ ಇದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಹೀಗೆ ಹದಗೊಂಡು, ಮೇಲೆ ಬಣ್ಣದ ಲೇಪ ಕಾಣದ ತೊಗಲಿನ ಮರೆಯ ಜಾಗದಲ್ಲಿ ಒಂದು ಹನಿ ನೀರು ಬಿಟ್ಟರೆ ಅದು ಕ್ರಮೇಣ ಇಂಗಿ ಆ ಭಾಗ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಲೇಪವಿದ್ದರೆ ಹನಿ ಜಾರಿಹೋಗುತ್ತದೆ. ಕತ್ತರಿಸಿದ ಅಂಚನ್ನೂ ನೋಡಿರಿ: ನಿಜವಾದ ತೊಗಲಿನಲ್ಲಿ ನಾರುಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ, ಬಟ್ಟೆಗೆ ರೆಗ್ಜಿನ್ ಅಂಟಿಸಿದ್ದರೆ ಪದರಗಳು ಬೇರೆಬೇರೆಯಾಗಿ ಕಾಣುತ್ತವೆ.

ಚೀಲದ ಬಾಳಿಕೆ ನಿರ್ಧಾರವಾಗುವುದು ಹೊಲಿಗೆಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎರಡು ಸೂಜಿಗಳನ್ನು ಒಂದೇ ರಂಧ್ರದಲ್ಲಿ ಎದುರುಬದುರಾಗಿ ಹಾಯಿಸಿ, ಮೇಣ ಸವರಿದ ದಾರದಿಂದ ಹಾಕುವ ಕೈಹೊಲಿಗೆಯಲ್ಲಿ ಒಂದು ಕಡೆ ದಾರ ಕಡಿದರೂ ಉಳಿದದ್ದು ಹಿಡಿದು ನಿಲ್ಲುತ್ತದೆ. ಯಂತ್ರದ ಹೊಲಿಗೆ ಕಡಿದಲ್ಲಿಂದ ಬಿಚ್ಚುತ್ತ ಹೋಗುವ ಸಂಭವ ಹೆಚ್ಚು. ಇಂಥ ಹೊಲಿಗೆಗೆ ಹಿಡಿಯುವ ಸಮಯವನ್ನು ನೋಡಿದವರು ಆ ಕೂಲಿಯಲ್ಲಿ ಚೌಕಾಸಿ ಮಾಡಲಾರರು. ಭಾರವೆಲ್ಲ ಬೀಳುವುದು ಪಟ್ಟಿ ಕೂಡುವಲ್ಲಿ; ಅಲ್ಲಿ ಒಳಗಿನಿಂದ ಇನ್ನೊಂದು ತೊಗಲಿನ ತುಂಡು ಇಟ್ಟು ಹೊಲಿಯಬೇಕೆಂದು ಮೊದಲೇ ಹೇಳಿರಿ. ಚಪ್ಪಲಿಯ ಅಟ್ಟೆಗೆ ಬಳಸುವ ದಪ್ಪ ಎಮ್ಮೆ ತೊಗಲು ಚೀಲದ ಮೈಗೆ ಸೂಕ್ತವಲ್ಲ. ಅದು ಭಾರ, ಮಡಚಲೂ ಕಷ್ಟ. ನೀವು ಏನನ್ನು ಒಯ್ಯುವಿರೋ, ಪುಸ್ತಕವಾಗಲಿ ಲ್ಯಾಪ್‌ಟಾಪ್ ಆಗಲಿ, ಅದನ್ನೇ ಒಯ್ದು ಅಳತೆ ಕೊಡುವುದು ಲೇಸು.

ಹೊಸ ಚೀಲದ ತಿಳಿಬಣ್ಣವು ಬಿಸಿಲು ಮತ್ತು ಕೈಯ ಜಿಡ್ಡಿನಿಂದ ಗಾಢವಾಗುವುದು ಸಹಜ. ನೆನೆದರೆ ಒಳಗೆ ಹಳೆಯ ಪತ್ರಿಕೆ ತುಂಬಿ ನೆರಳಿನಲ್ಲಿ ಒಣಗಿಸಿರಿ. ಬಿಸಿಲಿಗೋ ಒಲೆಯ ಬಳಿಯೋ ಇಟ್ಟರೆ ತೊಗಲು ಬಿರುಸಾಗಿ ಸೀಳುತ್ತದೆ. ಒಣಗಿದ ಮೇಲೆ ಬಟ್ಟೆಗೆ ಕೆಲವೇ ಹನಿ ಹರಳೆಣ್ಣೆ ತಾಗಿಸಿ ತೆಳುವಾಗಿ ಸವರಬೇಕು, ಹೆಚ್ಚಾದರೆ ಧೂಳು ಅಂಟುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆ ಬೇಡ, ತೇವ ಒಳಗೇ ಉಳಿದು ಬೂಸ್ಟು ಹಿಡಿಯುತ್ತದೆ. ಹತ್ತಿಬಟ್ಟೆಯ ಚೀಲದಲ್ಲಿಟ್ಟು ಆಗಾಗ ಗಾಳಿಗೆ ಹಿಡಿಯಿರಿ. ಹೊಲಿಗೆ ಸಡಿಲವಾದರೆ ಅಂಟು ಹಚ್ಚದೆ, ಸಾಧ್ಯವಾದರೆ ಹೊಲಿದುಕೊಟ್ಟವರ ಬಳಿಗೇ ಒಯ್ಯಿರಿ. ಹಳೆಯ ರಂಧ್ರಗಳಲ್ಲೇ ಹೊಸ ದಾರ ಹಾಯಿಸಿ ಅವರು ಅದನ್ನು ಸರಿಪಡಿಸಬಲ್ಲರು.